ಬಂಡಿದಾರಿಗೆ ಇಳಿದ ಬೈಕು

ಕಿಬ್ಬನಹಳ್ಳಿ ಕ್ರಾಸಿನಲ್ಲಿ ತೆಂಗಿನ ಸೀಮೆಯ ಮೂರು ತಾಲ್ಲೂಕುಗಳ ದಾರಿ ಕೂಡುತ್ತದೆ. ಪಶ್ಚಿಮಕ್ಕೆ ತಿಪಟೂರು, ಉತ್ತರಕ್ಕೆ ಚಿಕ್ಕನಾಯಕನಹಳ್ಳಿ, ದಕ್ಷಿಣಕ್ಕೆ ತುರುವೇಕೆರೆ. ಬೆಂಗಳೂರಿನಲ್ಲಿ ಬೆಳಗಿನ ಜಾವ ಹೊರಟವರು ಬಿಸಿಲೇರುವ ಮುಂಚೆ ಇಲ್ಲಿರಬಹುದು. ಎತ್ತರದ ಬೈಕು, ಬಟನ್ ಟೈರು, ಎದೆಗೂ ಮೊಣಕಾಲಿಗೂ ಕವಚ ತೊಟ್ಟ ಸವಾರರ ಗುಂಪು ಈ ಹೆದ್ದಾರಿಯಲ್ಲಿ ಈಗ ಯಾರಿಗೂ ಅಚ್ಚರಿಯಲ್ಲ. ಡಾಂಬರು ಮುಗಿದ ಮೇಲಿನ ದಾರಿಯೇ ಅವರಿಗೆ ಬೇಕಾದ್ದು. ಊರಿನ ಹುಡುಗರಿಗೂ ಬೇಕಾದ್ದು ಅದೇ. ತೋಟದ ನಡುವಿನ ಕೆಮ್ಮಣ್ಣಿನ ಹಾದಿ, ನೀರಿಳಿದ ಕೆರೆಯ ಅಂಗಳ, ಗಣಿಯವರು ಬಿಟ್ಟುಹೋದ ಗುಡ್ಡದ ತಿರುವು, ಹುಲ್ಲು ಒಣಗಿದ ಕಾವಲು: ಸವಾರಿಯ ಕಣ್ಣಿಗೆ ಇವೆಲ್ಲ ಒಂದೇ ಸಮನಾದ ಬಯಲು.

ಈ ಸವಾರಿಯನ್ನು ಬಿಡಬೇಕೇ, ತಡೆಯಬೇಕೇ, ಬಿಡುವುದಾದರೆ ಎಲ್ಲಿ, ಯಾವ ತಿಂಗಳಲ್ಲಿ, ಯಾರ ಒಪ್ಪಿಗೆಯಿಂದ ಎಂಬುದು ಈ ಲೇಖನದ ವಿಷಯ. ನನ್ನ ನಿಲುವನ್ನು ಮೊದಲೇ ಹೇಳುತ್ತೇನೆ. ಆಟ ಕೆಟ್ಟದ್ದಲ್ಲ. ಅದರಲ್ಲಿ ಕಸುಬಿದೆ, ಧೈರ್ಯವಿದೆ, ನಮ್ಮ ರಾಜ್ಯದ ಹುಡುಗ ಹುಡುಗಿಯರು ಅದರಲ್ಲಿ ಹೆಸರನ್ನೂ ಮಾಡಿದ್ದಾರೆ. ಆದರೆ ಈ ಸೀಮೆಯಲ್ಲಿ ಯಾರದ್ದೂ ಅಲ್ಲದ ನೆಲ ಒಂದು ಗುಂಟೆಯೂ ಇಲ್ಲ. ನೆಲ ಯಾವ ಬಗೆಯದು ಎಂದು ನೋಡದೆ ಮಾಡುವ ನಿಯಮ ಇಲ್ಲಿ ಕೆಲಸಕ್ಕೆ ಬಾರದು. ಪೂರ್ತಿ ನಿಷೇಧಕ್ಕೂ ಈ ಮಾತು ಸಲ್ಲುತ್ತದೆ, ಪೂರ್ತಿ ಬಿಡುಗಡೆಗೂ ಸಲ್ಲುತ್ತದೆ.

ಬಂಡಿದಾರಿಯಿಂದಲೇ ಶುರುಮಾಡೋಣ. ಗ್ರಾಮ ನಕಾಶೆಯಲ್ಲಿ ಕಾಲುದಾರಿಗೆ ಒಂದು ಚುಕ್ಕೆಗೆರೆ, ಬಂಡಿದಾರಿಗೆ ಜೋಡಿ ಚುಕ್ಕೆಗೆರೆ. ನಕಾಶೆಯಲ್ಲಿ ಕಂಡ ದಾರಿ ಸಾರ್ವಜನಿಕರದು, ಅದನ್ನು ಮುಚ್ಚುವ ಹಕ್ಕು ಅಕ್ಕಪಕ್ಕದ ಹಿಡುವಳಿದಾರನಿಗಿಲ್ಲ. ಆದರೆ ತೋಟಗಳ ನಡುವೆ ನಾವು ಓಡಾಡುವ ಎಷ್ಟೋ ದಾರಿಗಳು ನಕಾಶೆಯಲ್ಲಿಲ್ಲ. ಹಿಂದಿನ ತಲೆಮಾರಿನವರು ಮಾತಿನ ಮೇಲೆ ಬಿಟ್ಟುಕೊಟ್ಟ ದಾರಿಗಳು ಅವು. ಅಣ್ಣತಮ್ಮಂದಿರ ಪಾಲಾದ ಮೇಲೆ ಒಂದೊಂದು ದಾರಿಗೂ ಒಂದೊಂದು ವ್ಯಾಜ್ಯ. ‘ನಮ್ಮ ಹೊಲ ನಮ್ಮ ದಾರಿ’ ಎಂಬ ಸರ್ಕಾರಿ ಯೋಜನೆ ಹುಟ್ಟಿದ್ದೇ ಹೊಲಕ್ಕೆ ಹೋಗಲು ದಾರಿಯಿಲ್ಲದ ರೈತರ ಗೋಳಿನಿಂದ. ನೆರೆಯವನ ಟ್ರ್ಯಾಕ್ಟರು ಹೋಗುವುದಕ್ಕೇ ತಕರಾರಿರುವ ಕಡೆ ಹತ್ತು ಬೈಕು ಸಾಲಾಗಿ ಹೋದರೆ ಆ ಸಿಟ್ಟು ಸವಾರರ ಮೇಲಷ್ಟೇ ನಿಲ್ಲುವುದಿಲ್ಲ. ‘ಯಾರ್‍ಯಾರೋ ಓಡಾಡುತ್ತಾರೆ’ ಎಂದು ತೋಟದ ಮಾಲೀಕ ಬೇಲಿ ಹಾಕುತ್ತಾನೆ, ದಾರಿ ಕಳೆದುಕೊಳ್ಳುವವನು ಹಿಂದಿನ ಹೊಲದ ಬಡವ. ಹೊರಗಿನವರ ಆಟದಿಂದ ಊರೊಳಗಿನ ಋಣ ಕೆಡುವ ಬಗೆ ಇದು. ಯಾವ ಕಾನೂನಿನ ಪುಸ್ತಕದಲ್ಲೂ ಇದಕ್ಕೆ ಕಲಮಿಲ್ಲ.

ಬಂಡಿದಾರಿ ದಾಟಿದರೆ ತೋಟ. ಸಾಲಿನಿಂದ ಸಾಲಿಗೆ ಮೂವತ್ತಡಿ ಅಂತರವಿರುವ ತೆಂಗಿನ ತೋಟ ಬೈಕಿನವನಿಗೆ ತೆರೆದ ಅಂಗಳದಂತೆ ಕಾಣುವುದು ಸಹಜ. ಆದರೆ ತೆಂಗಿಗೆ ತಾಯಿಬೇರಿಲ್ಲ. ಬುಡದಿಂದ ಹೊರಟ ಸಾವಿರಾರು ಬೇರುಗಳಲ್ಲಿ ಹೆಚ್ಚಿನವು ಮರದ ಸುತ್ತ ಆರೇಳು ಅಡಿಯೊಳಗೆ, ಮೇಲ್ಮಣ್ಣಿಗೆ ಹತ್ತಿರದಲ್ಲೇ ಹರಡಿರುತ್ತವೆ. ಬುಡದ ಹತ್ತಿರ ಆಳಕ್ಕೆ ಉಳಬೇಡಿ, ಬೇರಿಗೆ ಗಾಯ ಮಾಡಬೇಡಿ ಎಂದು ಕೃಷಿ ವಿಜ್ಞಾನಿಗಳು ಹೇಳುವುದು ಅಣಬೆ ರೋಗದ ಹೆದರಿಕೆಯಿಂದ. ಮಣ್ಣಿನಲ್ಲಿರುವ ಶಿಲೀಂಧ್ರ ಗಾಯಗೊಂಡ ಬೇರಿನ ಮೂಲಕ ಒಳಹೊಕ್ಕರೆ ಮರ ಉಳಿಸುವುದು ಕಷ್ಟ, ರೋಗ ಬಂದ ಮರದ ಸುತ್ತ ಕಾಲುವೆ ತೋಡಿ ಬೇರೆ ಮರಗಳಿಂದ ದೂರ ಇಡಬೇಕಾಗುತ್ತದೆ. ತೇವದ ನೆಲದಲ್ಲಿ ಹಿಂದಿನ ಚಕ್ರ ತಿರುಗಿಸಿ ಬಟನ್ ಟೈರಿನಿಂದ ಮಣ್ಣು ಎರಚುವವನಿಗೆ ಈ ಸಂಗತಿ ಯಾರೂ ಹೇಳಿರುವುದಿಲ್ಲ. ಡ್ರಿಪ್ ಪೈಪಿನ ಮಾತು ಬೇರೆಯೇ. ಒಣಗಿದ ಗರಿ, ಮಟ್ಟೆ ಮುಚ್ಚಿಗೆಯ ಕೆಳಗೆ ಪೈಪು ಕಾಣಿಸುವುದಿಲ್ಲ. ತುಂಡಾದದ್ದು ಗೊತ್ತಾಗುವುದು ಮುಂದಿನ ಬಾರಿ ಕರೆಂಟು ಬಂದು ಮೋಟಾರು ಓಡಿದಾಗ. ಅಷ್ಟರಲ್ಲಿ ಕೊನೆಯ ಸಾಲಿನ ಮರಗಳು ನೀರಿಲ್ಲದೆ ಕಾದಿರುತ್ತವೆ.

ಎಲ್ಲಕ್ಕಿಂತ ದೊಡ್ಡ ನಷ್ಟ ಬದುವಿನದು. ವರ್ಷಕ್ಕೆ ಆರು-ಏಳುನೂರು ಮಿಲಿಮೀಟರ್ ಮಳೆ ಬೀಳುವ ಕೆಂಪು ಮರಳುಮಿಶ್ರಿತ ಮಣ್ಣಿನ ಸೀಮೆಯಿದು. ಇಲ್ಲಿ ನೀರು ಹೊಲದಲ್ಲಿ ನಿಲ್ಲುವುದು ಬದುವಿನಿಂದ. ಎತ್ತರದ ಬದು ಕಂಡರೆ ಹಾರಿಸುವ ಆಸೆ ಸವಾರನಿಗೆ. ಒಬ್ಬ ಹಾರಿಸಿದ ಜಾಗದಲ್ಲೇ ಹಿಂದಿನವರೂ ಹಾರಿಸುತ್ತಾರೆ. ಅಲ್ಲಿ ಒಂದು ಗೀರು ಬೀಳುತ್ತದೆ. ಮುಂಗಾರಿನ ಮೊದಲ ಜೋರು ಮಳೆ ಆ ಗೀರನ್ನೇ ಹುಡುಕಿಕೊಂಡು ಬಂದು ಕೊರಕಲು ಮಾಡುತ್ತದೆ. ಆಮೇಲೆ ಮೇಲಿನ ಹೊಲದ ಮಣ್ಣು ಕೆಳಗಿನ ಹೊಲಕ್ಕೆ, ಕೆಳಗಿನದು ಹಳ್ಳಕ್ಕೆ, ಹಳ್ಳದ್ದು ಕೆರೆಗೆ. ಕೆರೆ ಏರಿಯ ಮೇಲೂ ಇದೇ ಕಥೆ, ಅಪಾಯ ಮಾತ್ರ ಹಲವು ಪಟ್ಟು. ಏರಿಯ ಹಿಂಬದಿಯ ಇಳಿಜಾರಿನ ಹುಲ್ಲೇ ಅದರ ಕಾವಲು. ಆ ಇಳಿಜಾರನ್ನು ಏರಿಸಿ ಇಳಿಸಿ ಆಡಿದರೆ ಹುಲ್ಲು ಕಿತ್ತು ಮಣ್ಣು ಬರಿದಾಗುತ್ತದೆ. ತುರುವೇಕೆರೆಯ ಮಲ್ಲಾಘಟ್ಟದಂಥ ದೊಡ್ಡ ಕೆರೆಯಾಗಲಿ, ಊರ ಮುಂದಿನ ಕಟ್ಟೆಯಾಗಲಿ, ಏರಿ ಆಟದ ಜಾಗವಲ್ಲ. ಇದರಲ್ಲಿ ಚರ್ಚೆಗೆ ಅವಕಾಶವೇ ಇಲ್ಲವೆಂದು ನಾನು ತಿಳಿದಿದ್ದೇನೆ.

ಹೇಮಾವತಿ ನಾಲೆಯ ಏರಿಯೂ ಹಾಗೆಯೇ. ಗೊರೂರು ಜಲಾಶಯದಿಂದ ಹೊರಟು ತಿಪಟೂರು, ತುರುವೇಕೆರೆ, ಗುಬ್ಬಿಯ ಕಡೆ ಸಾಗುವ ತುಮಕೂರು ನಾಲೆಯ ಪಕ್ಕದ ದಾರಿ ನೀರಾವರಿ ಇಲಾಖೆಯವರು ನಾಲೆ ನೋಡಿಕೊಳ್ಳಲು ಮಾಡಿಕೊಂಡದ್ದು. ನೇರ, ಮಟ್ಟಸ, ಎದುರಿಗೆ ವಾಹನವಿಲ್ಲ. ವೇಗ ಹಿಡಿಯಲು ಇಷ್ಟು ಅನುಕೂಲದ ದಾರಿ ಈ ಸೀಮೆಯಲ್ಲಿ ಮತ್ತೊಂದಿಲ್ಲ. ಪಕ್ಕದಲ್ಲೇ ಬಟ್ಟೆ ಒಗೆಯುವ ಹೆಂಗಸರು, ದನಕ್ಕೆ ನೀರು ಕುಡಿಸುವ ಮಕ್ಕಳು ಇರುತ್ತಾರೆ. ಜಾರಿ ಬಿದ್ದರೆ ಕಾಂಕ್ರೀಟಿನ ಇಳಿಜಾರು, ಹರಿವ ನೀರು.

ಇನ್ನು ಗೋಮಾಳ ಮತ್ತು ಕಾವಲು. ನೂರು ದನಕ್ಕೆ ಮೂವತ್ತು ಎಕರೆ ಗೋಮಾಳ ಇರಬೇಕೆಂದು ಭೂಕಂದಾಯ ನಿಯಮ ಹೇಳುತ್ತದೆ. ಬಗರ್‌ಹುಕುಂ ಸಾಗುವಳಿ, ಆಶ್ರಯ ನಿವೇಶನ, ಶಾಲೆ, ಸ್ಮಶಾನ, ಕಸ ಹಾಕುವ ಜಾಗ ಎಂದು ಕಳೆದು ಕಳೆದು ಈಗ ಎಷ್ಟೋ ಊರುಗಳಲ್ಲಿ ಉಳಿದಿರುವುದು ಕಲ್ಲುನೆಲದ ಚೂರು. ಕುರಿಯವರಿಗೆ ಅದೇ ಆಸರೆ. ಸೈಲೆನ್ಸರ್ ಕಿತ್ತ ಬೈಕೊಂದು ಮಂದೆಯ ಪಕ್ಕ ಹೋದರೆ ಕುರಿಗಳು ದಿಕ್ಕಾಪಾಲಾಗುತ್ತವೆ. ಚೆದುರಿದ ಮರಿಗಳನ್ನು ಕತ್ತಲಾಗುವ ಮುಂಚೆ ಒಟ್ಟುಮಾಡಲಾಗದಿದ್ದರೆ ಚಿರತೆ, ನಾಯಿಗಳ ಭಯ.

ಅಮೃತಮಹಲ್ ಕಾವಲುಗಳ ವಿಷಯವನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ಮೈಸೂರು ಅರಸರ ಬೆಣ್ಣೆ ಚಾವಡಿಯಾಗಿ ಶುರುವಾಗಿ, ಟಿಪ್ಪುವಿನ ಕಾಲದಲ್ಲಿ ಅಮೃತಮಹಲ್ ಎಂಬ ಹೆಸರು ಪಡೆದ ದನಗಳ ಇಲಾಖೆಗೆ ಮೀಸಲಾಗಿದ್ದ ಹುಲ್ಲುಗಾವಲು ಇವು. ತಿಪಟೂರು ತಾಲ್ಲೂಕಿನ ಕೊನೇಹಳ್ಳಿಯಲ್ಲಿ ಆ ತಳಿಯ ಸಂವರ್ಧನೆ ಇಂದಿಗೂ ನಡೆಯುತ್ತಿದೆ. ಹಸಿರು ಕಾಡನ್ನು ಕಂಡರೆ ಕೈಮುಗಿಯುವ ನಾವು ಒಣಹುಲ್ಲಿನ ಬಯಲನ್ನು ಕಂಡರೆ ಬರಡು ಎನ್ನುತ್ತೇವೆ. ಚಳ್ಳಕೆರೆಯ ಕಡೆ ಸಾವಿರಾರು ಎಕರೆ ಕಾವಲು ದೊಡ್ಡ ದೊಡ್ಡ ಸಂಸ್ಥೆಗಳಿಗೆ ಹೋದದ್ದು ಇದೇ ಮನೋಭಾವದಿಂದ. ಅಲ್ಲಿನ ಕುರಿಯವರು, ನೇಕಾರರು ಪ್ರತಿಭಟಿಸಿದ್ದು, ಹಸಿರು ನ್ಯಾಯಮಂಡಳಿಯವರೆಗೂ ವಿವಾದ ಹೋದದ್ದು ನೆನಪಿರಬೇಕು. ಹುಲ್ಲುಗಾವಲಿನ ಜೀವ ನೆಲದ ಮಟ್ಟದಲ್ಲಿದೆ. ಟಿಟ್ಟಿಭ ಗೂಡು ಕಟ್ಟುವುದಿಲ್ಲ, ಮಣ್ಣಿನ ಕುಳಿಯಲ್ಲಿ ನಾಲ್ಕು ಕಲ್ಲಿನ ನಡುವೆ ಕಲ್ಲಿನದೇ ಬಣ್ಣದ ಮೊಟ್ಟೆ ಇಡುತ್ತದೆ. ನೆಲಗುಬ್ಬಿ, ಗೌಜಲು, ಬುರ್ಲಿಯದೂ ನೆಲದ ಮೇಲಿನ ಬಾಳುವೆ. ಮಾರ್ಚಿನಿಂದ ಮಳೆಗಾಲದವರೆಗೆ ಅಲ್ಲಿ ಬೈಕು ಓಡಿಸುವವನು ತಾನು ಏನನ್ನೂ ತುಳಿಯಲಿಲ್ಲ ಎಂದು ಪ್ರಾಮಾಣಿಕವಾಗಿ ನಂಬಿರುತ್ತಾನೆ, ಏಕೆಂದರೆ ಅವನಿಗೆ ಏನೂ ಕಂಡಿರುವುದಿಲ್ಲ.

ನಮ್ಮ ತುಮಕೂರು ಜಿಲ್ಲೆಗೆ ಈ ವಿವೇಕ ಹೊಸದಲ್ಲ. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಹುಲ್ಲುಗಾವಲು 2007ರಲ್ಲಿ ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲು ಆಯಿತು. ಪಕ್ಕದ ಚಿಕ್ಕಮಗಳೂರು ಜಿಲ್ಲೆಯ ಕಡೂರು ತಾಲ್ಲೂಕಿನ ಬಾಸೂರು ಅಮೃತಮಹಲ್ ಕಾವಲಿಗೆ 2011ರಲ್ಲಿ ಅದೇ ಸ್ಥಾನ ಸಿಕ್ಕಿತು. ಚಿಕ್ಕನಾಯಕನಹಳ್ಳಿಗೆ ಹತ್ತಿರದ ಶಿರಾ ತಾಲ್ಲೂಕಿನ ಬುಕ್ಕಾಪಟ್ಟಣದ ಕಾಡು 2019ರಲ್ಲಿ ಚಿಂಕಾರ ವನ್ಯಧಾಮವಾಯಿತು. ವನ್ಯಜೀವಿ ವಿಜ್ಞಾನಿ ಸಂಜಯ್ ಗುಬ್ಬಿ ಮತ್ತು ಸಂಗಡಿಗರು ಇಟ್ಟ ಕ್ಯಾಮೆರಾಗಳು ಅಲ್ಲಿನ ಚಿಂಕಾರ, ಕೊಂಡುಕುರಿಗಳನ್ನು ತೋರಿಸುವವರೆಗೆ ಆ ಕುರುಚಲು ಕಾಡಿಗೂ ಹೆಚ್ಚಿನ ಬೆಲೆಯಿರಲಿಲ್ಲ.

ಹಾಗಾದರೆ ಸವಾರರು ಯಾರು? ಇಲ್ಲಿಯೇ ಹೆಚ್ಚಿನ ಗೊಂದಲ. ಈ ಸೀಮೆಯಲ್ಲಿ ದಾರಿಯಿಲ್ಲದ ಕಡೆ ದಿನವೂ ಗಾಡಿ ಓಡಿಸುವವನು ರೈತ. ಎಕ್ಸೆಲ್ ಮೇಲೆ ಹುಲ್ಲಿನ ಹೊರೆ, ಹಾಲಿನ ಕ್ಯಾನು, ಕಾಯಿ ಮೂಟೆ ಹೇರಿಕೊಂಡು ಬದುವಿನ ಮೇಲೆ ಸರ್ಕಸ್ ಮಾಡುತ್ತಾ ಹೋಗುವವನಿಗೆ ಹೆಲ್ಮೆಟ್ಟೂ ಇಲ್ಲ, ಕವಚವೂ ಇಲ್ಲ. ‘ರಸ್ತೆ ಬಿಟ್ಟು ಮೋಟಾರು ವಾಹನ ಓಡಿಸಕೂಡದು’ ಎಂದು ಯಾರಾದರೂ ಒಂದು ಸಾಲಿನ ಆದೇಶ ಹೊರಡಿಸಿದರೆ ಮೊದಲು ಸಿಕ್ಕಿಬೀಳುವವನು ಅವನು. ಯಾವ ನಿಯಮವಾದರೂ ಅವನನ್ನು ಮುಟ್ಟಬಾರದು.

ಎರಡನೆಯವರು ಊರಿನ ಹುಡುಗರು. ಹಳೆಯ ಸ್ಪ್ಲೆಂಡರಿನ ಮಡ್‌ಗಾರ್ಡ್ ಕಳಚಿ, ಸೈಲೆನ್ಸರ್ ಬದಲಿಸಿ, ಕೆರೆ ಅಂಗಳದಲ್ಲಿ ವೀಲಿಂಗ್ ಕಲಿಯುವವರು. ಊರವರ ಬೈಗುಳ ಹೆಚ್ಚಾಗಿ ಬೆಂಗಳೂರಿನವರ ಮೇಲೆ ಬಿದ್ದರೂ ಅಪಘಾತದಲ್ಲಿ ಕೈಕಾಲು ಕಳೆದುಕೊಳ್ಳುವ ಸಂಭವ ಹೆಚ್ಚಿರುವುದು ಈ ಮಕ್ಕಳಿಗೇ, ಏಕೆಂದರೆ ಕಲಿಸುವವರಿಲ್ಲ, ರಕ್ಷಣೆಯ ಉಡುಪಿಲ್ಲ, ಎಷ್ಟೋ ಜನಕ್ಕೆ ಲೈಸೆನ್ಸಿನ ವಯಸ್ಸೂ ಆಗಿರುವುದಿಲ್ಲ. 2025ರ ಮೇ ತಿಂಗಳಲ್ಲಿ ರಾಜ್ಯ ಹೈಕೋರ್ಟ್ ಗಂಗಾವತಿಯ ಪ್ರಕರಣವೊಂದರಲ್ಲಿ ಜಾಮೀನು ನಿರಾಕರಿಸುತ್ತಾ, ವೀಲಿಂಗ್ ಪಿಡುಗು ಹಳ್ಳಿಗಳಿಗೂ ಹರಡಿದೆ, ಇದಕ್ಕೆ ಬಿಗಿ ಕಾನೂನು ಬೇಕು ಎಂದು ಹೇಳಿತು. ಬಿಗಿ ಬೇಕು, ನಿಜ. ಆದರೆ ಈ ಹುಡುಗರಿಗೆ ಒಂದು ಮೈದಾನವೂ ಬೇಕು ಎಂಬ ಮಾತನ್ನು ಯಾರೂ ಅಷ್ಟೇ ಗಟ್ಟಿಯಾಗಿ ಹೇಳುತ್ತಿಲ್ಲ.

ಮೂರನೆಯವರು ದೂರದಿಂದ ಬರುವ ಹವ್ಯಾಸಿಗಳು ಮತ್ತು ಸ್ಪರ್ಧಿಗಳು. ಈ ಗುಂಪು ಬೆಳೆದದ್ದಕ್ಕೆ ಕಾರಣ ಸ್ಪಷ್ಟ. 2016ರಲ್ಲಿ ರಾಯಲ್ ಎನ್‌ಫೀಲ್ಡ್ ಹಿಮಾಲಯನ್ ಬಂತು, 2019ರಲ್ಲಿ ಒಂದು ಲಕ್ಷದ ಆಸುಪಾಸಿಗೆ ಹೀರೊ ಎಕ್ಸ್‌ಪಲ್ಸ್ ಬಂತು. ಅಲ್ಲಿಯವರೆಗೆ ಹೊರದೇಶದಿಂದ ತರಿಸಿದ ದುಬಾರಿ ಗಾಡಿಯಿದ್ದವರ ಆಟ ಸಂಬಳದವರ ಕೈಗೂ ಎಟುಕಿತು. ಅದೇ ಹೊತ್ತಿಗೆ ಕಣ್ಣೆದುರು ಮಾದರಿಗಳೂ ಇದ್ದರು. ಬೆಂಗಳೂರಿನ ಸಿ.ಎಸ್. ಸಂತೋಷ್ 2015ರಲ್ಲಿ ಡಕಾರ್ ರ್‍ಯಾಲಿಯನ್ನು ಪೂರೈಸಿದ ಮೊದಲ ಭಾರತೀಯರಾದರು, 36ನೇ ಸ್ಥಾನ. ಬೆಂಗಳೂರಿನವರೇ ಆದ ಐಶ್ವರ್ಯಾ ಪಿಸ್ಸೆ 2019ರಲ್ಲಿ ಮಹಿಳೆಯರ ಬಾಹಾ ವಿಶ್ವಕಪ್ ಗೆದ್ದರು. ಇಂಥವರನ್ನು ಕಂಡು ಮಣ್ಣಿಗೆ ಇಳಿಯುವ ಆಸೆ ಪಡುವ ಹುಡುಗಿಯನ್ನೋ ಹುಡುಗನನ್ನೋ ಪುಂಡರ ಪಟ್ಟಿಗೆ ಸೇರಿಸುವುದು ಅನ್ಯಾಯ.

ಕಾನೂನು ಇಲ್ಲವೆಂದೇನಲ್ಲ. ಮೋಟಾರು ವಾಹನ ಕಾಯ್ದೆಯ ಪ್ರಕಾರ ಸಾರ್ವಜನಿಕರಿಗೆ ಓಡಾಡುವ ಹಕ್ಕಿರುವ ಯಾವ ಜಾಗವೂ ‘ಸಾರ್ವಜನಿಕ ಸ್ಥಳ’, ಅದು ರಸ್ತೆಯೇ ಆಗಬೇಕಿಲ್ಲ. ಹಾಗಾಗಿ ಲೈಸೆನ್ಸು, ವಿಮೆ, ಹೆಲ್ಮೆಟ್ಟು ಬಂಡಿದಾರಿಯಲ್ಲೂ ಬೇಕು. ಸರ್ಕಾರದ ಲಿಖಿತ ಒಪ್ಪಿಗೆಯಿಲ್ಲದೆ ಅಲ್ಲಿ ವೇಗದ ಸ್ಪರ್ಧೆ ನಡೆಸುವುದು 189ನೇ ಕಲಮಿನಂತೆ ಅಪರಾಧ. 2019ರ ತಿದ್ದುಪಡಿಯ ಮೇಲೆ ಮೊದಲ ತಪ್ಪಿಗೆ ಮೂರು ತಿಂಗಳವರೆಗೆ ಸಜೆ ಅಥವಾ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ವಯಸ್ಸಾಗದ ಮಕ್ಕಳ ಕೈಗೆ ಗಾಡಿ ಕೊಟ್ಟು ಅವರು ತಪ್ಪು ಮಾಡಿದರೆ ಪೋಷಕರಿಗೆ ಅಥವಾ ಮಾಲೀಕರಿಗೆ ಮೂರು ವರ್ಷದವರೆಗೆ ಸಜೆ, 25,000 ರೂಪಾಯಿ ದಂಡ, ಗಾಡಿಯ ನೋಂದಣಿ ಹನ್ನೆರಡು ತಿಂಗಳು ರದ್ದು. ನೋಂದಣಿಯಿಲ್ಲದ ರೇಸಿಂಗ್ ಬೈಕು ಬೇಲಿಯೊಳಗಿನ ಖಾಸಗಿ ಜಾಗ ಬಿಟ್ಟು ಹೊರಬರುವಂತಿಲ್ಲ. ಸ್ಪರ್ಧೆಯಲ್ಲಿ ಆದ ಅಪಘಾತಕ್ಕೆ ವಿಮಾ ಕಂಪನಿ ಹಣ ನಿರಾಕರಿಸಬಹುದು. ಇದೊಂದನ್ನು ಪ್ರತಿ ಪ್ರೌಢಶಾಲೆಯಲ್ಲೂ ಪ್ರತಿ ಕಾಲೇಜಿನಲ್ಲೂ ತಂದೆತಾಯಿಯರ ಎದುರು ಹೇಳಬೇಕು.

ಶಬ್ದಕ್ಕೂ ಮಿತಿಯಿದೆ. ತಯಾರಾಗುವ ಹಂತದಲ್ಲಿ 80ರಿಂದ 175 ಸಿಸಿವರೆಗಿನ ಬೈಕು 77 ಡೆಸಿಬೆಲ್, ಅದಕ್ಕಿಂತ ದೊಡ್ಡದು 80 ಡೆಸಿಬೆಲ್ ಮೀರುವಂತಿಲ್ಲ. ಕಂಪನಿಯ ಸೈಲೆನ್ಸರ್ ಕಿತ್ತು ಬೇರೆ ಹಾಕಿದ ಗಳಿಗೆಯಲ್ಲಿ ಆ ಮಿತಿ ಹೋಯಿತು. ಅದನ್ನು ಪೊಲೀಸರು ಕಂಡ ಕೂಡಲೇ ಹಿಡಿಯಬಹುದು, ವೇಗ ಅಳೆಯುವ ಯಂತ್ರ ಬೇಡ, ಸಾಕ್ಷಿ ಬೇಡ. ಜಿಲ್ಲೆಯ ಪೊಲೀಸರು ಬೇರೇನೂ ಮಾಡದಿದ್ದರೂ ಇದೊಂದನ್ನು ಕಟ್ಟುನಿಟ್ಟು ಮಾಡಿದರೆ ಊರವರ ದೂರಿನಲ್ಲಿ ಅರ್ಧ ಕಡಿಮೆಯಾದೀತು ಎಂಬುದು ನನ್ನ ನಂಬಿಕೆ.

ಆದರೆ ಖಾಸಗಿ ತೋಟದ ವಿಷಯದಲ್ಲಿ ಕಾನೂನು ಸಡಿಲ. ಅತಿಕ್ರಮ ಪ್ರವೇಶ ಅಪರಾಧವಾಗಬೇಕಾದರೆ ಒಳಬಂದವನಿಗೆ ಕೆಟ್ಟ ಉದ್ದೇಶವಿತ್ತೆಂದು ತೋರಿಸಬೇಕು. ‘ದಾರಿ ಅಂದುಕೊಂಡೆ’ ಎಂದರೆ ಮುಗಿಯಿತು. ಇಲ್ಲಿ ನನಗೆ ನೆನಪಾಗುವುದು ಹಳ್ಳಿಯ ದೊಡ್ಡಿ. ಪರರ ಹೊಲಕ್ಕೆ ದನ ನುಗ್ಗಿದರೆ ಹಿಡಿದು ದೊಡ್ಡಿಗೆ ಹೊಡೆಯುವ ಹಕ್ಕು ಹೊಲದವನಿಗೆ ಇದೆ, ದನದ ಒಡೆಯ ದಂಡ ಕಟ್ಟಿ ಬಿಡಿಸಿಕೊಳ್ಳಬೇಕು. 1966ರ ಕರ್ನಾಟಕ ಜಾನುವಾರು ಅತಿಕ್ರಮ ಪ್ರವೇಶ ಕಾಯ್ದೆ ಇದಕ್ಕೆಂದೇ ಇದೆ. ದನಕ್ಕೆ ಕೆಟ್ಟ ಉದ್ದೇಶವಿತ್ತೇ ಎಂದು ಅಲ್ಲಿ ಯಾರೂ ಕೇಳುವುದಿಲ್ಲ, ಬೆಳೆ ಹಾಳಾಯಿತೇ ಎಂಬುದಷ್ಟೇ ಲೆಕ್ಕ. ಬೈಕಿಗೂ ಇಷ್ಟು ಸರಳವಾದ ಏರ್ಪಾಡು ಬೇಕು. ಜನ ಕೈಯೆತ್ತಬಾರದು, ಕೀಲಿ ಕಿತ್ತುಕೊಳ್ಳಬಾರದು. ಗಾಡಿಯ ನಂಬರು ಮತ್ತು ಒಂದು ಫೋಟೊ ಪಂಚಾಯಿತಿಗೆ ತಲುಪಿದರೆ ಬದುವಿನ, ಪೈಪಿನ ರಿಪೇರಿ ಖರ್ಚು ಒಡೆಯನಿಂದ ವಸೂಲಾಗಬೇಕು. ಮೊಬೈಲು ಎಲ್ಲರ ಜೇಬಿನಲ್ಲಿರುವ ಕಾಲದಲ್ಲಿ ಇದು ಕಷ್ಟವಲ್ಲ.

ಬೇರೆ ದೇಶಗಳು ಈ ಪ್ರಶ್ನೆಯನ್ನು ನಮಗಿಂತ ಅರ್ಧ ಶತಮಾನ ಮುಂಚೆ ಎದುರಿಸಿವೆ. ಅಮೆರಿಕದಲ್ಲಿ 1972ರಲ್ಲಿ ಅಧ್ಯಕ್ಷ ನಿಕ್ಸನ್ ಸರ್ಕಾರಿ ಭೂಮಿಯಲ್ಲಿ ಇಂಥ ವಾಹನ ಎಲ್ಲಿ ಓಡಬಹುದು, ಎಲ್ಲಿ ಓಡಬಾರದು ಎಂದು ಗುರುತಿಸಲು ಆದೇಶಿಸಿದರು. ಅದು ಸಾಲದೆ 2005ರಲ್ಲಿ ಅಲ್ಲಿನ ಅರಣ್ಯ ಇಲಾಖೆ ನಿಯಮವನ್ನೇ ತಿರುಗಿಸಿತು. ಮುಚ್ಚಿದೆ ಎಂದು ಫಲಕವಿಲ್ಲದ ದಾರಿಯೆಲ್ಲ ತೆರೆದದ್ದು ಎಂಬ ಪದ್ಧತಿ ಹೋಗಿ, ನಕಾಶೆಯಲ್ಲಿ ತೆರೆದಿದೆ ಎಂದು ಗುರುತಾದ ದಾರಿ ಮಾತ್ರ ತೆರೆದದ್ದು ಎಂದಾಯಿತು. ಕ್ಯಾಲಿಫೋರ್ನಿಯಾ 1971ರಿಂದಲೇ ಈ ಗಾಡಿಗಳಿಂದ ಶುಲ್ಕ ಪಡೆದು ಆ ಹಣದಲ್ಲಿ ಸವಾರಿಯ ಜಾಗಗಳನ್ನು ನಡೆಸುತ್ತಿದೆ, ಕೆಟ್ಟ ನೆಲವನ್ನು ಸರಿಪಡಿಸುತ್ತಿದೆ. ಇಂಗ್ಲೆಂಡಿನಲ್ಲಿ ಹಳೆಯ ಗಾಡಿದಾರಿಗಳ ಮೇಲೆ ಮೋಟಾರು ಸವಾರರಿಗೆ ಹಕ್ಕಿದೆಯೇ ಎಂಬ ದೀರ್ಘ ಜಗಳಕ್ಕೆ 2006ರ ಕಾಯ್ದೆ ತೆರೆ ಎಳೆಯಿತು. ದಾಖಲೆಗೆ ಬಾರದ ಹಾದಿಗಳಲ್ಲಿ ಕೆಲವು ವಿನಾಯಿತಿ ಬಿಟ್ಟರೆ ಮೋಟಾರಿನ ಹಕ್ಕು ಹೋಯಿತು. ಹೊಲದಲ್ಲಿ ಮೋಟಾರು ಸ್ಪರ್ಧೆ ನಡೆಸುವುದಾದರೆ ವರ್ಷಕ್ಕೆ 14 ದಿನದವರೆಗೆ ಪ್ರತ್ಯೇಕ ಪರವಾನಗಿ ಬೇಡ, ಅದಕ್ಕಿಂತ ಹೆಚ್ಚಾದರೆ ಬೇಕು. ದಿನಗಳ ಈ ಮಿತಿ ನನಗೆ ಬಹಳ ಹಿಡಿಸಿದೆ. ನೆಲಕ್ಕೂ ಊರಿಗೂ ಉಸಿರಾಡಲು ಬಿಡುವ ಲೆಕ್ಕ ಅದು.

ಹತ್ತಿರದ ಉದಾಹರಣೆಗಳೂ ಇವೆ. ಕೆಲವು ವರ್ಷ ಏಷ್ಯಾ ಪೆಸಿಫಿಕ್ ರ್‍ಯಾಲಿಯ ಭಾರತದ ಸುತ್ತು ಚಿಕ್ಕಮಗಳೂರಿನ ಕಾಫಿ ತೋಟಗಳ ಒಳದಾರಿಗಳಲ್ಲಿ ನಡೆಯಿತು. ತೋಟದ ಮಾಲೀಕರು ದಾರಿ ಕೊಟ್ಟರು, ಹೊರಗಿನ ಸಂಚಾರ ನಿಂತಿತು, ಎರಡು ಮೂರು ದಿನದಲ್ಲಿ ಎಲ್ಲ ಮುಗಿಯಿತು. ಸಂತೋಷ್ ಕೋಲಾರದ ಬಳಿ ಬಿಗ್‌ರಾಕ್ ಎಂಬ ಮಣ್ಣಿನ ಟ್ರ್ಯಾಕ್ ಮಾಡಿ, ಬೇಲಿಯೊಳಗೆ ಗುರುವಿನ ಎದುರು ಬೀಳುವುದನ್ನೂ ಏಳುವುದನ್ನೂ ಕಲಿಯುವ ವ್ಯವಸ್ಥೆ ತಂದರು. ಕೇರಳದ ವಾಗಮಣ್‌ನಲ್ಲಿ 2022ರಲ್ಲಿ ಟೀ ತೋಟದೊಳಗೆ ಅನುಮತಿಯಿಲ್ಲದೆ ನಡೆದ ಆಫ್‌ರೋಡ್ ಸ್ಪರ್ಧೆಗೆ ಮೋಟಾರು ವಾಹನ ಇಲಾಖೆ ದಂಡ ಹಾಕಿತು. ಖಾಸಗಿ ತೋಟವೆಂದ ಮಾತ್ರಕ್ಕೆ ಏನು ಬೇಕಾದರೂ ಮಾಡಬಹುದೆಂದಲ್ಲ ಎಂಬುದು ಅಲ್ಲಿಂದ ಕಲಿಯಬೇಕಾದ್ದು. ಅದಕ್ಕಿಂತ ಕಠೋರ ಪಾಠ ರಾಜಸ್ಥಾನದ್ದು. 2019ರ ಸೆಪ್ಟೆಂಬರ್‌ನಲ್ಲಿ ಬಾಡಮೇರ್ ಬಳಿ ರಾಷ್ಟ್ರೀಯ ರ್‍ಯಾಲಿಯೊಂದರ ಸ್ಪರ್ಧಾ ದಾರಿಗೆ ಬೈಕಿನಲ್ಲಿ ಬಂದ ಒಂದೇ ಕುಟುಂಬದ ಮೂವರು ಸ್ಪರ್ಧೆಯ ಕಾರಿಗೆ ಸಿಕ್ಕಿ ಸತ್ತರು. ಮುಚ್ಚಿದ ದಾರಿ ಎಂದು ಸಂಘಟಕರ ಕಾಗದದಲ್ಲಿ ಇದ್ದರೆ ಸಾಲದು. ಆ ದಾರಿಯಲ್ಲಿ ದಿನವೂ ಓಡಾಡುವ ಪ್ರತಿ ಮನೆಗೂ ಅದು ಗೊತ್ತಿರಬೇಕು, ಪ್ರತಿ ಕವಲಿನಲ್ಲೂ ಊರಿನವರೇ ನಿಂತಿರಬೇಕು. ತೆಂಗಿನ ಸೀಮೆಯಲ್ಲಂತೂ ಒಂದೊಂದು ತೋಟಕ್ಕೂ ನಾಲ್ಕು ಕಡೆಯಿಂದ ಕಾಲುದಾರಿ.

ನಮ್ಮಲ್ಲಿ ಏನು ಮಾಡಬಹುದು ಎಂಬುದಕ್ಕೆ ಮಾದರಿ ಹುಡುಕಿ ಬಹಳ ದೂರ ಹೋಗಬೇಕಾಗಿಲ್ಲ. ಜೋಡೆತ್ತಿನ ಗಾಡಿ ಓಟವನ್ನೇ ನೋಡಿ. ಸುಗ್ಗಿ ಮುಗಿದ ಮೇಲೆ, ಒಪ್ಪಿದವರ ಬಯಲು ಹೊಲದಲ್ಲಿ, ಎರಡೂ ಬದಿಗೆ ಹಗ್ಗ ಕಟ್ಟಿ, ಊರಿನ ಸಮಿತಿಯ ಜವಾಬ್ದಾರಿಯಲ್ಲಿ ನಡೆಯುವ ಓಟ ಅದು. ಪ್ರಾಣಿಹಿಂಸೆಯ ವಿವಾದ ಎದ್ದಾಗ ರಾಜ್ಯ ಕಾಯ್ದೆಗೆ ತಿದ್ದುಪಡಿ ತಂದು ಷರತ್ತು ಹಾಕಿತು, 2023ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ಅಪಾಯವಿರುವ ಆಟವೊಂದನ್ನು ಜಾಗ, ಕಾಲ, ಷರತ್ತುಗಳ ಒಳಗೆ ಉಳಿಸಿಕೊಳ್ಳುವುದು ನಮ್ಮ ಊರುಗಳಿಗೆ ಗೊತ್ತು. ಬೈಕಿನ ಮಣ್ಣಿನ ಓಟಕ್ಕೂ ಅದೇ ಚೌಕಟ್ಟು ಸಾಕು: ಹೊಲದವರ ಬರಹದ ಒಪ್ಪಿಗೆ, ಗ್ರಾಮಸಭೆಯ ನಿರ್ಣಯ, ಜಿಲ್ಲಾಡಳಿತದ ಅನುಮತಿ, ಮೋಟಾರು ಕ್ರೀಡಾ ಒಕ್ಕೂಟದ ಪರವಾನಗಿ, ಸ್ಥಳದಲ್ಲಿ ಆಂಬುಲೆನ್ಸು, ಓಟ ಮುಗಿದ ಮೇಲೆ ಹೊಲ ಉತ್ತು ಬದು ಕಟ್ಟಿಕೊಡಲು ಮೊದಲೇ ಕಟ್ಟಿಸಿಕೊಂಡ ಠೇವಣಿ.

ಕಾಲವನ್ನು ಬೇಸಾಯವೇ ಹೇಳುತ್ತದೆ. ರಾಗಿ ಒಕ್ಕಣೆ ಮುಗಿಯುವುದು ಜನವರಿಯ ಹೊತ್ತಿಗೆ. ಏಪ್ರಿಲ್-ಮೇ ತಿಂಗಳ ಮಳೆಗೆ ಹೆಸರು ಬಿತ್ತನೆ ಶುರು. ಮಾರ್ಚಿನಲ್ಲಿ ಟಿಟ್ಟಿಭ ಮೊಟ್ಟೆಗೆ ಕೂರುತ್ತದೆ. ಆದ್ದರಿಂದ ಜನವರಿಯ ಕೊನೆಯಿಂದ ಫೆಬ್ರವರಿ ಮುಗಿಯುವವರೆಗೆ ಸುಮಾರು ಐದು ವಾರ ಈ ಸೀಮೆಯ ಬಯಲು ಹೊಲ ಆಟಕ್ಕೆ ಬಿಡುವು ಕೊಡಬಲ್ಲದು. ವರ್ಷವಿಡೀ ಬೇಕೆನ್ನುವವರಿಗೆ ಬೇಲಿಯೊಳಗಿನ ಟ್ರ್ಯಾಕೇ ಗತಿ.

ಆ ಟ್ರ್ಯಾಕು ಎಲ್ಲಿ? ಚಿಕ್ಕನಾಯಕನಹಳ್ಳಿಯ ಗಣಿಗುಡ್ಡಗಳ ಹೆಸರು ಕೂಡಲೇ ಬರುತ್ತದೆ. 2011ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟು ತುಮಕೂರು, ಚಿತ್ರದುರ್ಗ ಜಿಲ್ಲೆಗಳ ಗಣಿಗಾರಿಕೆ ನಿಲ್ಲಿಸಿತು. ಹೇಗೂ ಕೆಟ್ಟ ನೆಲ, ಅಲ್ಲೇ ಓಡಿಸಲಿ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಗಣಿ ತ್ಯಾಜ್ಯದ ದಿಬ್ಬಗಳು ಸಡಿಲ ಮಣ್ಣಿನ ರಾಶಿ, ಮೇಲೆ ಹುಲ್ಲು, ಗಿಡ ಹಿಡಿಸಿ ತೆಂಗಿನ ನಾರಿನ ಚಾಪೆ ಹಾಸಿ ನಿಲ್ಲಿಸಬೇಕಾದವು. ಅಲ್ಲಿ ಚಕ್ರ ಓಡಿದರೆ ಮಳೆಗಾಲದಲ್ಲಿ ಕೆಂಪು ಕೆಸರು ಕೆಳಗಿನ ಕೆರೆಗೆ ಇಳಿಯುತ್ತದೆ, ಬೋರನಕಣಿವೆಯ ಕಡೆಯ ಹಳ್ಳಗಳನ್ನು ಸೇರುತ್ತದೆ. ಮೇಲಾಗಿ ಆ ಗುಡ್ಡಗಳಲ್ಲಿ ಕರಡಿ, ಚಿರತೆ ಇವೆ. ಆ ಬೆಟ್ಟಸಾಲು ಒಮ್ಮೆ ಸಾಕಷ್ಟು ಸಹಿಸಿದೆ. ಅದರ ಬದಲು ಊರಿಗೆ ಹತ್ತಿರ, ಕೆರೆಗೆ ದೂರ ಇರುವ, ಕಲ್ಲು ತೆಗೆದು ಮುಗಿದ ಕ್ವಾರಿಯಂಥ ಗಟ್ಟಿ ನೆಲದಲ್ಲಿ ತಾಲ್ಲೂಕಿಗೆ ಒಂದರಂತೆ ಐದಾರು ಎಕರೆಯ ಟ್ರ್ಯಾಕು ಸಾಕು. ಕ್ವಾರಿ ಗುಂಡಿಯ ಅಂಚಿಗೆ ತಂತಿಬೇಲಿ, ಒಬ್ಬ ತರಬೇತುದಾರ, ಬಾಡಿಗೆಗೆ ಹೆಲ್ಮೆಟ್ಟು, ಕವಚ. ಊರಿನ ಹುಡುಗರಿಗೆ ವಾರದಲ್ಲಿ ಎರಡು ದಿನ ಪುಕ್ಕಟೆ, ಹೊರಗಿನವರಿಂದ ಶುಲ್ಕ. ತಾಲ್ಲೂಕು ಕೇಂದ್ರದಲ್ಲಿ ಕ್ರೀಡಾಂಗಣ ಕಟ್ಟುವ ಇಲಾಖೆಗೆ ಇದು ಹೊರೆಯಲ್ಲ.

ಬಂಡಿದಾರಿಯಲ್ಲಿ ನಿಧಾನ ಸವಾರಿಗೆ ಬರುವ ಹವ್ಯಾಸಿಗಳನ್ನು ನಾನು ತಡೆಯಲಾರೆ. ಹತ್ಯಾಳು ಬೆಟ್ಟ ನೋಡಿ, ತುರುವೇಕೆರೆಯ ಹೊಯ್ಸಳ ಗುಡಿಗಳನ್ನು ನೋಡಿ, ಯಾರದೋ ತೋಟದಲ್ಲಿ ಎಳನೀರು ಕುಡಿದು ಹೋಗುವವರು ಅತಿಥಿಗಳೇ. ಅವರಿಗೆ ಬೇಕಾದ್ದು ಸ್ಪಷ್ಟವಾದ ಒಂದು ನಕಾಶೆ. ಪ್ರತಿ ಗ್ರಾಮ ಪಂಚಾಯಿತಿ ಕಂದಾಯ ನಕಾಶೆಯನ್ನು ಮುಂದಿಟ್ಟುಕೊಂಡು, ಗ್ರಾಮ ಆಡಳಿತ ಅಧಿಕಾರಿಯನ್ನೂ ಕುರಿಯವರನ್ನೂ ಕೂರಿಸಿಕೊಂಡು, ಹೋಗಬಹುದಾದ ದಾರಿಗಳನ್ನು ಗುರುತಿಸಲಿ. ಗುರುತಿಲ್ಲದ್ದೆಲ್ಲ ಮುಚ್ಚಿದ್ದು. ಕೆರೆ ಏರಿ, ನಾಲೆ ಏರಿ, ಕಾವಲು, ಮೀಸಲು ಅರಣ್ಯ ಆ ಪಟ್ಟಿಗೆ ಎಂದೂ ಬಾರದಿರಲಿ. ಒಂದು ಗುಂಪಿಗೆ ಎಂಟು ಗಾಡಿ ಮಿತಿ, ದನ ಕುರಿ ಕಂಡಲ್ಲಿ ಎಂಜಿನ್ ನಿಲ್ಲಿಸಿ ಕಾಯುವುದು, ಬೆಳಿಗ್ಗೆ ಎಂಟರ ಮುಂಚೆ ಸಂಜೆ ಐದರ ಮೇಲೆ ಇಲ್ಲ, ಮಳೆ ಬಿದ್ದ ಮೂರು ದಿನ ಇಲ್ಲ. ಚೀಟಿಗೆ ಇಷ್ಟು ಎಂದು ಪಂಚಾಯಿತಿ ಹಣ ಪಡೆಯಲಿ, ಆ ಹಣ ಬೇರೆ ಖಾತೆಯಲ್ಲಿ ಇರಲಿ, ಆ ದಾರಿಯ ಗುಂಡಿ ಮುಚ್ಚಲು ಮತ್ತು ಪಕ್ಕದ ಬದು ಕಟ್ಟಲು ಮಾತ್ರ ಖರ್ಚಾಗಲಿ.

ಇಲಾಖೆಗಳ ಮಟ್ಟದಲ್ಲಿ ಒಂದು ತೊಡಕು ನಿಜಕ್ಕೂ ದೊಡ್ಡದು. ನಲವತ್ತು ಹೆಕ್ಟೇರಿಗಿಂತ ಕಡಿಮೆ ಅಚ್ಚುಕಟ್ಟಿನ ಕೆರೆ ಪಂಚಾಯಿತಿಯದು, ಹೆಚ್ಚಿನದು ಸಣ್ಣ ನೀರಾವರಿಯದು. ನಾಲೆ ಕಾವೇರಿ ನೀರಾವರಿ ನಿಗಮದ್ದು, ಗೋಮಾಳ ಕಂದಾಯದ್ದು, ಕಾವಲು ಪಶುಸಂಗೋಪನೆಯದು, ಗುಡ್ಡ ಅರಣ್ಯದ್ದು, ಗಾಡಿ ಆರ್‌ಟಿಒ ಮತ್ತು ಪೊಲೀಸರದು. ದೂರು ಕೊಡಲು ಹೋದ ರೈತ ಇಷ್ಟು ಬಾಗಿಲು ತಟ್ಟಲಾರ. ಉಪವಿಭಾಗಾಧಿಕಾರಿಗಳ ಕಚೇರಿ ತಿಪಟೂರಿನಲ್ಲೇ ಇದೆ, ಮೂರೂ ತಾಲ್ಲೂಕು ಅದರ ವ್ಯಾಪ್ತಿಗೇ ಬರುತ್ತವೆ. ಅಲ್ಲಿ ಒಬ್ಬ ಅಧಿಕಾರಿಗೆ ಈ ಕೆಲಸ ವಹಿಸಿ, ಒಂದು ಫೋನ್ ನಂಬರನ್ನು ಪ್ರತಿ ಹಾಲಿನ ಡೇರಿಯ ಗೋಡೆಗೂ ಕೊಬ್ಬರಿ ಮಾರುಕಟ್ಟೆಯ ಫಲಕಕ್ಕೂ ಬರೆಸುವುದಕ್ಕೆ ಹೊಸ ಕಾಯ್ದೆಯೇನೂ ಬೇಕಿಲ್ಲ. ಮುಂದಿನ ರಾಗಿ ಕೊಯ್ಲಿಗೆ ಮುಂಚಿನ ಗ್ರಾಮಸಭೆಗಳಲ್ಲಿ ನಕಾಶೆಯ ಕೆಲಸ ಶುರುವಾದರೆ ಸುಗ್ಗಿಯ ಹೊತ್ತಿಗೆ ಮೊದಲ ದಾರಿಗಳ ಪಟ್ಟಿ ಕೈಗೆ ಸಿಗುತ್ತದೆ.